ಬಂದರು ಮುಚ್ಚಿದೆ

ಪುಂತಾ ಅರೇನಸ್‌ನಲ್ಲಿ ಗಾಳಿ ಎದ್ದರೆ
ಚೌಕದ ಸುತ್ತ ಹಗ್ಗ ಕಟ್ಟುತ್ತಾರೆ,
ಹಿಡಿದು ನಡೆಯಲಿ ಅಂತ ಜನ.
ನನ್ನ ಸರ್ವರುಗಳಿಗೆ ಹಗ್ಗವಿಲ್ಲ.
ಹಲ್ಲಿನ ಡಾಕ್ಟರ ಅಂಗಡಿಯ ಹಿಂದೆ ಮೂರು ರ‍್ಯಾಕು,
ಒಂದು ಹೀಟರು, ಅದೂ ನನಗೆ,
ಕಿಟಕಿಯ ತಗಡು ರಾತ್ರಿಯಿಡೀ ಯಾರನ್ನೋ ದೂರುತ್ತದೆ.

ಒಂದೂವರೆಗೆ ಫೋನು. ಜಲಸಂಧಿಯಾಚೆ ಪೋರ್ವೆನಿರ್‌ನಿಂದ
ಎಲಿಸೆಯೊ ಮನ್ಸಿಯಾ, ದೋಣಿ ಕಚೇರಿಯ ಗುಮಾಸ್ತ:
"ಯಾಸ್ನಾ, ಒಳಗೆ ಬಿಡುತ್ತದೆ, ಆದರೆ ಕೂರಿಸುವುದಿಲ್ಲ."
ಇದಕ್ಕಿಂತ ಚೆನ್ನಾಗಿ ಈ ರೋಗವನ್ನು
ಯಾವ ಕೈಪಿಡಿಯೂ ಹೇಳಿಲ್ಲ.
ಹೆಸರು ಕೇಳಿತು, ಕೊಟ್ಟ. ಪಾಸ್‌ವರ್ಡ್ ಕೇಳಿತು, ಕೊಟ್ಟ.
ಬಾ ಅಂದಿತು.
ಆಮೇಲೆ ಫೈಲುಗಳ ಪಟ್ಟಿ ಕೇಳಿದರೆ
ಗರ ಬಡಿದ ಹಾಗೆ ಮೌನ.
ಇಪ್ಪತ್ತು ಸೆಕೆಂಡು, ನಲವತ್ತು, ಕೊನೆಗೆ ನಂಟೇ ಕಡಿದಂತೆ.

ಲಾಗು ತೆರೆದೆ.
ಇಪ್ಪತ್ತೊಂದನೆಯ ಬಾಗಿಲು ಬರೀ ಮಾತಿಗೆ,
ಸಾಮಾನಿಗೆ ಬೇರೆ ಬಾಗಿಲು.
ಹಿಂದೆಲ್ಲ ಸರ್ವರೇ ಎದ್ದು ಗಿರಾಕಿಯ ಮನೆಗೆ ಹೊತ್ತು ಹೋಗುತ್ತಿತ್ತು.
ಈಗ ಪ್ರತಿ ಮನೆಗೂ ಕಾವಲು, ಗುರುತಿಲ್ಲದವರಿಗೆ ಪ್ರವೇಶವಿಲ್ಲ.
ಅದಕ್ಕೇ ಈ ಪ್ಯಾಸಿವ್: ಕೂತಲ್ಲೇ ಕೂತು
"ಇಂಥ ವಿಳಾಸ, ಇಂಥ ಬಾಗಿಲು, ನೀನೇ ಬಾ" ಎನ್ನುವುದು.
ಎಂದಿತ್ತು ಕೂಡ:
೨೨೭, ಆಮೇಲೆ
೧೯೨, ೧೬೮, ೧, ೪೦, ಮತ್ತೆರಡು ಅಂಕಿ.

ನೋಡಿದೊಡನೆ ಕಿವಿ ಬಿಸಿಯಾಯಿತು.
ಅದು ಮನೆಯೊಳಗಿನ ವಿಳಾಸ.
ನೀರಿನಾಚೆ ನಿಂತವನಿಗೆ
"ಅಡುಗೆಮನೆ ಪಕ್ಕದ ಕೋಣೆಗೆ ಬಾ" ಎಂದ ಹಾಗೆ.
ಪಾಪ, ಅವನ ಗಣಕ ತನ್ನದೇ ಅಡುಗೆಮನೆಯ ಪಕ್ಕ
ಗೋಡೆ ತಡವುತ್ತಿತ್ತು.
ಮಂಗಳವಾರ ಹೊಸ ರೌಟರು ಕೂರಿಸಿದವಳು ನಾನೇ,
ಹೊರಗಿನ ವಿಳಾಸ ಸರ್ವರಿಗೆ ಹೇಳಿಕೊಡಲು ಮರೆತವಳೂ.
ಎಲಿಸೆಯೊಗೆ ಮಾತ್ರ "ಪರೀಕ್ಷಿಸುತ್ತಿದ್ದೇನೆ" ಎಂದೆ.

ತಿದ್ದಿದೆ. "ಈಗ ನೋಡು."
"ಅದೇ ಕಥೆ."
ಕೊನೆಯ ಎರಡಂಕಿ, ಈ ಸಲ ೧೯೫, ೧೪೯.
ಕರೆಂಟು ಬಿಲ್ಲಿನ ಬೆನ್ನಿಗೆ ಲೆಕ್ಕ ಹಾಕಿದೆ,
ಮೊದಲನೆಯದನ್ನು ೨೫೬ರಿಂದ ಗುಣಿಸಿ, ಎರಡನೆಯದು ಕೂಡಿ:
ಐವತ್ತು ಸಾವಿರದ ಅರವತ್ತೊಂಬತ್ತು.
ಆ ಬಾಗಿಲಿಗೆ ಫೈರ್‌ವಾಲು ಅಗಳಿ ಹಾಕಿ ಕೂತಿದೆ.
ದೇವರು ಕೊಟ್ಟರೂ ಪೂಜಾರಿ ಕೊಡ.

ಎಲ್ಲ ತೆರೆದುಬಿಡಲೆ? ಕೈ ಅಲ್ಲಿಗೇ ಹೋಗಿತ್ತು;
ನಿದ್ದೆಗೆಟ್ಟ ಕೈಗೆ ಎಲ್ಲವೂ ಹಗುರ.
ಬೇಡವೆಂದು ನೂರು ಬಾಗಿಲು ಗೊತ್ತುಮಾಡಿದೆ,
ಐವತ್ತು ಸಾವಿರದಿಂದ ಆಚೆಗೆ.
ಸರ್ವರಿಗೂ ಹೇಳಿದೆ, ಕಾವಲಿಗೂ ಹೇಳಿದೆ, ಒಂದೇ ಪಟ್ಟಿ.
ಅತ್ತೆ ಸೊಸೆಗೆ ಬೇರೆ ಬೇರೆ ಬೀಗದಕೈ ಕೊಟ್ಟ ಮನೆ ನಾನು ಕಂಡಿದ್ದೇನೆ.

"ಬಂತು ಬಂತು!"
ಅವನ ಹಿಂದೆ ಕೆಟಲಿನ ಸಿಳ್ಳೆ.
ಎರಡು ಕಿಲೋಬೈಟಿನ ಒಂದು ಫೈಲು ಏರಿತು.
ತೆರೆದು ನೋಡಿದೆ, ನೋಡಬಾರದಿತ್ತೇನೋ:
ಗಾಳಿಯ ಕಾರಣ ಬಂದರು ಮುಚ್ಚಿದೆ. ನಾಳೆ ದೋಣಿ ಇಲ್ಲ.
ಅಷ್ಟೇ.
ನಮ್ಮಲ್ಲಿ ಬಂದರಿಗೂ ಪೋರ್ಟಿಗೂ ಒಂದೇ ಮಾತು, ಪುವೆರ್ತೊ;
ಬಾಗಿಲು ಅದರ ತಂಗಿ, ಪುವೆರ್ತಾ.
ನೂರನ್ನು ತೆರೆದದ್ದು
ಒಂದು ಮುಚ್ಚಿದೆ ಎಂದು ಸಾರಲು.
ಎಲಿಸೆಯೊ ನಕ್ಕ, ಅಥವಾ ಕೆಮ್ಮಿದ.

ಏಳಕ್ಕೆ ಪಾಳಿ ಮುಗಿಸಿ ತ್ರೆಸ್ ಪುವೆಂತೆಸ್ ಕಟ್ಟೆಯ ದಾರಿ ಹಿಡಿದೆ.
ಗೇಟಿನೆದುರು ಒಂದೇ ಒಂದು ಲಾರಿ,
ಗ್ಯಾಸ್ ಸಿಲಿಂಡರುಗಳು ಗಾಳಿಗೆ ಒಂದಕ್ಕೊಂದು ತಾಗಿ ಸದ್ದು.
ಚಾಲಕ ಗಾಜು ಬೆರಳಗಲ ಇಳಿಸಿದ:
"ನನಗೆ ಯಾರೂ ಹೇಳಲಿಲ್ಲವಲ್ಲ, ತಾಯಿ."
ಹೇಳಿದ್ದೆವಲ್ಲ, ಎರಡೂಕಾಲಿಗೇ, ಜಗತ್ತಿಗೆಲ್ಲ.
ಥರ್ಮಾಸಿನಲ್ಲಿ ಅರ್ಧ ಕಾಫಿ ಉಳಿದಿತ್ತು.
ಗಾಜನ್ನು ಇನ್ನೂ ಸ್ವಲ್ಪ ಇಳಿಸು ಎಂದೆ,
ಲೋಟ ತೂರುವಷ್ಟು.