ಎಡಗೆನ್ನೆ

ಹಾಕೊದಾತೆಯ ಮೀನುಕಟ್ಟೆ, ಇನ್ನೂ ಬೋಣಿಯಾಗಿಲ್ಲ.
ಫುಕಿ ಕೈಯೊರೆಸಿಕೊಂಡು ಫೋನು ತೆಗೆಯುತ್ತಾಳೆ:
ತಮ್ಮ ತೆಪ್ಪೇ ಬೊಂಡಾಸ್ ಸೀಳುವ ವಿಡಿಯೊ.
ಇರುವುದು ಅದೊಂದೇ, ಎರಡು ತಾಣದಲ್ಲಿ.

ಒಂದರಲ್ಲಿ ಎಲ್ಲ ನಿಚ್ಚಳ,
ಕತ್ತಿಯಂಚು, ಉಗುರುಸಂದಿಯ ಉಪ್ಪು ಕೂಡ.
ಆದರೆ ಅವನು ಬಾಯಿ ತೆರೆಯುವ ಮೊದಲೇ
ಯಾವಳೋ ಹುಡುಗಿ ಶಾಂಪೂ ಮಾರುತ್ತಾಳೆ,
ಮುಗಿದು ಐದು ಎಣಿಸುವಷ್ಟರಲ್ಲಿ
ತಾನಾಗಿ ಶುರು ಯಾರದೋ ಬೆಕ್ಕು.
ದುಡ್ಡು ಕಟ್ಟಿದರೆ ಈ ಕಾಟ ಇಲ್ಲವಂತೆ.
ತಮ್ಮನ ಮುಖಕ್ಕೂ ತಿಂಗಳ ಬಾಡಿಗೆಯೇ?

ಇನ್ನೊಂದು ಹಳೇ ತಾಣ. ಚಿತ್ರ ಮಬ್ಬು,
ನಡುನಡುವೆ ನಿಂತು ಏದುಸಿರು ಬಿಡುತ್ತದೆ.
ಅಲ್ಲಿ ನೋಡಿದವರ ಮಾತೆಲ್ಲ ತೆರೆಯ ಮೇಲೇ
ಬಲದಿಂದ ಎಡಕ್ಕೆ ಹಾರಿಹೋಗುತ್ತದೆ:
'ಬೆರಳು ಜೋಪಾನ ಮಾರಾಯ', 'ಹಸಿವಾಯ್ತು'.
ಎರಡು ನಿಮಿಷ ಹದಿನಾಲ್ಕಕ್ಕೆ
ಮಸಿಚೀಲ ಒಡೆದು ಮೋರೆಯೆಲ್ಲ ಕಪ್ಪು,
ಆಗ ನೋಡಬೇಕು, ಊರೇ ನಕ್ಕಂತೆ
ಅಕ್ಷರದ ಸಂತೆ;
ಅವನೇ ಕಾಣುವುದಿಲ್ಲ.

ಹನ್ನೊಂದು ವರ್ಷ ಹಳೆಯ ನಗು.
ನಕ್ಕವರಲ್ಲಿ ಎಷ್ಟು ಮಂದಿ ಉಳಿದಿದ್ದಾರೋ.

ಮಾತು ಅಡಗಿಸುವ ಗುಂಡಿಯೂ ಇದೆ.
ಒಮ್ಮೆ ಒತ್ತಿದ್ದಳು:
ಒಬ್ಬನೇ ನಿಂತಿದ್ದ, ಮುಖದ ತುಂಬ ಮಸಿ,
ಯಾರೂ ನಗುತ್ತಿರಲಿಲ್ಲ.
ತಟ್ಟನೆ ಮತ್ತೆ ಒತ್ತಿದಳು.

ನಿನ್ನೆ ತಾನೂ ಒಂದು ಸಾಲು ಹಾರಿಬಿಟ್ಟಳು:
'ಒರೆಸ್ಕೊಳೋ, ಎಡಗೆನ್ನೆ.'
ಇವತ್ತೂ ಅವನು ಒರೆಸಿಕೊಂಡದ್ದು
ಬಲಗೆನ್ನೆಯನ್ನೇ.