ಕರಡಚ್ಚು

ಬೆಳಿಗ್ಗೆ ಒಂಬತ್ತೂವರೆಗೆ ಸೀಟಿ ಕೊರಳಿಗೆ ಹಾಕಿಕೊಂಡರೆ
ರಾತ್ರಿ ಅಂಗಡಿ ಮುಚ್ಚುವ ತನಕ ನನಗೆ ಹೆಸರಿಲ್ಲ.
ದುರ್ಗಿಗುಡಿಯ ಬಟ್ಟೆ ಕಾಂಪ್ಲೆಕ್ಸಿನ ನೆಲಮಾಳಿಗೆ,
ನೂರಾ ಇಪ್ಪತ್ತು ಬೈಕು, ಮಿಣುಕುವ ಟ್ಯೂಬ್‌ಲೈಟು, ನಾನು.

"ಬಾಸ್, ಆ ಸ್ಕೂಟಿ ಸ್ವಲ್ಪ ಎಳೀರಿ."
"ಬ್ರೋ, ಐದೇ ನಿಮಿಷ, ಅಡ್ಡ ಇರ್ಲಿ."
"ಗುರೂ, ಚಿಲ್ರೆ ಇಲ್ಲ, ಸ್ಕ್ಯಾನರ್ ಇದ್ಯಾ?"
"ಚೀಫ್" ಅಂದವನು ಒಬ್ಬನೇ, ಸಾಗರದ ಕಡೆಯವನು,
ಯಾವ ಸೈನ್ಯಕ್ಕೆ ಅಂತ ಕೇಳುವಷ್ಟರಲ್ಲಿ ಹೊರಟೇಹೋದ.
ನೀಲಿ ಕೂದಲಿನ ಹುಡುಗಿ "ಡ್ಯೂಡ್" ಅಂದಳು.
ರಾತ್ರಿ ಹೆಂಡತಿಗೆ ಹೇಳಿದೆ.
"ಹಾಲಿನವನಿಗೆ ದುಡ್ಡು ಕೊಟ್ರಾ, ಡ್ಯೂಡಣ್ಣ?" ಅಂದಳು.

ಇಪ್ಪತ್ತಾರು ವರ್ಷ ಮೊಳೆ ಜೋಡಿಸಿದ ಕೈ ಇದು.
ಯಾರು ಏನೆಂದು ಕೂಗಿದರೂ
ಬೆರಳು ಗಾಳಿಯಲ್ಲೇ ಕೇಸಿನ ಮನೆ ತಡಕುತ್ತದೆ.
ಬಾಸ್‌ಗೆ ದೀರ್ಘ ಸವೆದಿರುತ್ತದೆ, ಮಸಿ ಹಿಡಿಯದು.
ಡ್ಯೂಡ್‌ಗೆ ಯ-ಒತ್ತು ಪಕ್ಕದ ಪ್ರೆಸ್ಸಿನಿಂದ ಎರವಲು ತರಬೇಕು.
ಬ್ರೋ ಸಲೀಸು: ಒಂದು ಬೊ, ಒಂದು ದೀರ್ಘ,
ಕೆಳಗೆ ಒಂದು ಕ್ರಾವಡಿ ಸಿಕ್ಕಿಸಿದರಾಯಿತು.
ಮೊದಲು ಬ್ರದರ್ ಅಂತಿತ್ತಲ್ಲ,
ಆ ದರ್ ಯಾವ ಗ್ಯಾಲಿಯಿಂದ ಉದುರಿತು?
ಸಂಬೋಧನೆಗೆ ದೀರ್ಘ ಬರುತ್ತದೆ ಅಂತ ಐದನೇ ಕ್ಲಾಸಿನಲ್ಲಿ ಕಲಿತದ್ದೇ.
ಅಣ್ಣನನ್ನು ನಡುವಿಗೆ ಕೊಯ್ದು
ಉಳಿದದ್ದನ್ನು ಉದ್ದಕ್ಕೆ ಎಳೆದು ಕರೆಯುತ್ತಾರೆ,
ನಾನು ಬಗ್ಗಿ ಬೈಕು ಸರಿಸುತ್ತೇನೆ.

ಪ್ರೆಸ್ಸಿನಲ್ಲಿ ನಮಗೆ ಎರಡೇ ಪದ. ಲೋ. ಮಾರಾಯ.
ಪ್ರೂಫ್ ನೋಡುವ ಇನಾಸಪ್ಪ ಕಿವಿಗೆ ಕೆಂಪು ಪೆನ್ನು ಸಿಕ್ಕಿಸಿ
"ಲೋ, ನಿನ್ನ ಯಕಾರ ಶೀರ್ಷಾಸನ ಹಾಕಿದೆ ನೋಡು" ಅನ್ನುತ್ತಿದ್ದ.
ಕೋಪ ಬಂದರೂ ಮಾರಾಯ, ಬೋಂಡ ತರಿಸಿದರೂ ಮಾರಾಯ,
ಅವನ ಅಪ್ಪನ ಮಣ್ಣು ಮಾಡಿ ಬರುವಾಗ ದಾರಿಯುದ್ದಕ್ಕೂ
ಇಬ್ಬರೂ ಆಡಿದ್ದು ಅದೊಂದೇ ಮಾತು.

ಆಮೇಲೆ ಒಂದು ಲಗ್ನಪತ್ರಿಕೆ.
ಮೊಳೆ ಸಡಿಲಾಗಿ ಕೊಂಬು ಬಿತ್ತೋ, ನಾನೇ ಹಾಕಲಿಲ್ಲವೋ,
ವಧು ಹೋಗಿ ವಧ ಆಗಿತ್ತು. ಐನೂರು ಪ್ರತಿ, ಬಂಗಾರದ ಅಂಚು.
ಹುಡುಗಿಯ ಸೋದರಮಾವ ಕತ್ತಿನ ಪಟ್ಟಿ ಹಿಡಿದ.
ನೀನು ನೋಡಲಿಲ್ಲ ಅಂದೆ ನಾನು.
ನೀನು ಹಾಕಲಿಲ್ಲ ಅಂದ ಅವನು.
ಮಾಲೀಕ ಇಬ್ಬರ ಸಂಬಳದಲ್ಲೂ ಹಿಡಿದ.

ಹದಿಮೂರು ವರ್ಷ.
ಗಾಂಧಿ ಬಜಾರಿನಲ್ಲಿ ಎದುರಾದರೆ
ಬೇಡದ ಬೆಳ್ಳುಳ್ಳಿಯ ರೇಟು ಕೇಳುತ್ತ ನಿಂತಿದ್ದೇನೆ.
ಅಷ್ಟರಲ್ಲಿ ಪ್ರೆಸ್ಸು ಮುಚ್ಚಿತು,
ಅಕ್ಷರಗಳನ್ನು ಕೆಜಿ ಲೆಕ್ಕದಲ್ಲಿ ತೂಗಿ ಒಯ್ದರು,
ಅ ದಿಂದ ಳ ವರೆಗೆ ಎಲ್ಲಕ್ಕೂ ಒಂದೇ ದರ, ಸೀಸದ್ದು.

ಮೊನ್ನೆ ಸೋಮವಾರ ಸಂಜೆ ಇಳಿಜಾರಿನಲ್ಲಿ ಒಂದು ಮೊಪೆಡ್ಡು,
ಹೆಲ್ಮೆಟ್ಟಿನೊಳಗೆ ಅದೇ ದಪ್ಪ ಕನ್ನಡಕ.
ಹಿಂದೆ ಮೂರು ಬೈಕು ಹಾರನ್ನು.
ಏನಂತ ಕರೆಯಲಿ?
ಸಾರ್ ಅಂದರೆ ಅಣಕ. ರೀ ಅಂದರೆ ಬಾಗಿಲು ಹಾಕಿದ ಹಾಗೆ.
ಇನಾಸಣ್ಣ ಅಂದರೆ ನಾನೇ ತಪ್ಪು ಒಪ್ಪಿದ ಹಾಗೆ.
ಲೋ ಗಂಟಲವರೆಗೆ ಬಂತು, ತುಕ್ಕು ಹಿಡಿದಿತ್ತು, ಅಲ್ಲೇ ಸಿಕ್ಕಿತು.
ಬಾಯಿ ತನ್ನಷ್ಟಕ್ಕೆ ದಿನದ ಮಾತು ಆಡಿಬಿಟ್ಟಿತು:
"ಬ್ರೋ, ಸ್ವಲ್ಪ ಎಡಕ್ಕೆ ಹಾಕಿ."

ಮೊಪೆಡ್ಡು ನಿಂತಿತು.
ಅವನು ಹೆಲ್ಮೆಟ್ ತೆಗೆದು, ಕನ್ನಡಕ ಅಂಗಿಗೆ ಒರೆಸಿ,
ನನ್ನನ್ನು ಎಡದಿಂದ ಬಲಕ್ಕೆ
ಒದ್ದೆ ಕಾಗದ ನೋಡುವಂತೆ ನೋಡಿದ.
"ಅರ್ಧ ಪದ ನುಂಗಿದ್ದೀಯಲ್ಲೋ.
ದರ್ ಎಲ್ಲಿ, ಮಾರಾಯ?"

ಟೋಕನ್ ಕೊಟ್ಟೆ. ಎಪ್ಪತ್ತೊಂದು.
ಕೈ ನಡುಗಿತು, ಅದು ವಯಸ್ಸಿಗೂ ಇರಬಹುದು.
ಹಿಂದಿನ ಹುಡುಗ ಹಾರನ್ನು ಬಿಡಲೇ ಇಲ್ಲ.
ಇನಾಸಪ್ಪ ತಿರುಗಿ, "ತಡಿಯೋ ಬ್ರೋ" ಅಂದ,
ದೀರ್ಘವನ್ನು ಒಂದಿಷ್ಟೂ ಉಳಿಸಿಕೊಳ್ಳದೆ.