ಸೂಜಿಯ ಲೆಕ್ಕ

ಕೊಡಿಯಾಲ್‌ಬೈಲಿನ ಆ ಗೋಡೆಯೊಳಗೆ
ನನ್ನ ಹೊಲಿಗೆ ಕ್ಲಾಸು ಹತ್ತೂವರೆಗೆ ಶುರು.
ಅದಕ್ಕೂ ಮೊದಲು ಲೆಕ್ಕ:
ಕೈಸೂಜಿ ಇಪ್ಪತ್ತಮೂರು, ಮಿಷನ್ನಿನ ಸೂಜಿ ಆರು,
ಕತ್ತರಿ ಎರಡು, ಅದಕ್ಕೂ ಸರಪಳಿ,
ದನ ಕಟ್ಟಿದ ಹಾಗೆ ಮೇಜಿನ ಕಾಲಿಗೆ.
ವಾರ್ಡರ್ ಬರೆಯುತ್ತಾರೆ, ನಾನು ಸಹಿ ಹಾಕುತ್ತೇನೆ.
ಹೊರಡುವಾಗ ಇನ್ನೊಂದು ಎಣಿಕೆ, ಇನ್ನೊಂದು ಸಹಿ.

ಮೂವತ್ತು ವರ್ಷ ಕುಲಶೇಖರದಲ್ಲಿ ಅಂಗಡಿ ಇಟ್ಟವಳು ನಾನು,
ಮದುಮಗಳ ಬಿಳಿ ಗೌನು, ಮೊಂತಿ ಫೆಸ್ತಿಗೆ ಮಕ್ಕಳ ಫ್ರಾಕು.
ಒಂದು ದಿನವೂ ಸೂಜಿ ಎಣಿಸಿದವಳಲ್ಲ.
ಬಿದ್ದರೆ ಬಿತ್ತು,
ಕಾಲಿಗೆ ಚುಚ್ಚಿದ ದಿನ ಸಿಕ್ಕಿತು.

ಮೊದಲ ಪಾಠ ಅಳತೆ.
ನಿಲ್ಲಿ ಅಂದರೆ
ಎಲ್ಲರೂ ಎರಡೂ ಕೈ ಮೇಲೆತ್ತಿ ಕಾಲಗಲಿಸಿ ನಿಂತರು.
ತಪಾಸಣೆಯಲ್ಲ ಮಾರಾಯ್ರೆ,
ಭುಜ ಸಡಿಲ ಬಿಡಿ, ಉಸಿರಾಡಿ.

ಮೊಯ್ದಿನಬ್ಬ ದಕ್ಕೆಯಲ್ಲಿ ಬಲೆ ರಿಪೇರಿ ಮಾಡುತ್ತಿದ್ದವನು,
ಅಂಚು ಮಡಚಿ ಹೊಲಿ ಅಂದರೆ ಗಂಟು ಹಾಕುತ್ತಾನೆ,
ಅಂಗಿಯ ತುದಿಯಿಂದ ಒಂದು ಬೂತಾಯಿಯೂ
ತಪ್ಪಿಸಿಕೊಳ್ಳಬಾರದು ಎಂಬಂತೆ.
ಐತಪ್ಪ ಅಂಕೆ ಕಲಿತದ್ದು ನನ್ನ ಟೇಪಿನಿಂದ.
ಅರವತ್ತರವರೆಗೆ ಸಲೀಸು.
ಅರವತ್ತೊಂದು ಬರೆದು ತೋರಿಸಿದರೆ
ಟೇಪಿನ ತುದಿಯಿಂದ ಆಚೆಗೆ ಬಿದ್ದವನ ಹಾಗೆ ನೋಡುತ್ತಾನೆ.
ಗುಂಡಿಮನೆ ಚಂದ ಮಾಡುವುದು ಲತೀಶ, ಇಪ್ಪತ್ತೆರಡರ ಹುಡುಗ.
ಒಮ್ಮೆ ಕೇಳಿದ:
ಟೀಚರೇ, ಸರ್ಟಿಫಿಕೇಟಿನಲ್ಲಿ ಜೈಲು ಅಂತ ಉಂಟಾ?
ಇಲ್ಲ, ಸಂಸ್ಥೆಯ ಹೆಸರು ಮಾತ್ರ ಅಂದೆ.
ಹಾಗಾದರೆ ಇಷ್ಟು ದಿನ ಎಲ್ಲಿದ್ದೆ ಅಂತ ಕೇಳಿದರೆ?
ನನ್ನ ಹಲ್ಲಿನ ನಡುವೆ ನೂಲಿನ ತುದಿ ಇತ್ತು.
ಪುಣ್ಯ.

ಅದೊಂದು ಗುರುವಾರ ಸೂಜಿ ಇಪ್ಪತ್ತೆರಡೇ.
ಮತ್ತೆ ಎಣಿಸಿದರೂ ಇಪ್ಪತ್ತೆರಡು.
ಸೀಟಿ ಊದಿದರು. ಗೋಡೆಗೆ ಮುಖ ಮಾಡಿ ನಿಲ್ಲಿಸಿದರು.
ಚಾಪೆ ಕೊಡವಿದರು, ಸಾಬೂನನ್ನೂ ಎರಡು ಮಾಡಿ ನೋಡಿದರು.
ಐತಪ್ಪ ಮೂರು ವಾರ ಕೂತು ಹೊಲಿದ ಕಾಲರು,
ನಾನು ಭೇಷ್ ಅಂದಿದ್ದ ಕಾಲರು,
ಬ್ಲೇಡಿನಲ್ಲಿ ಸೀಳಿಸಿಕೊಂಡಿತು.
ನೀವು ಹೋಗಿ ಮೇಡಂ, ಇದು ಇವರದ್ದು ಇದ್ದದ್ದೇ.

ಹೋದೆ.
ಕುಲಶೇಖರದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ
ಬ್ರೇಕು ಬಿತ್ತು, ಹೆಗಲಿಗೆ ಏನೋ ಚುಚ್ಚಿತು.
ಸೆರಗಿನ ಮಡಿಕೆಯಲ್ಲಿ ಸೂಜಿ,
ಗೇಣುದ್ದ ನೀಲಿ ನೂಲಿನ ಸಮೇತ.
ಮೂವತ್ತು ವರ್ಷದ ಕೈ,
ಕೆಲಸ ನಿಂತ ಕೂಡಲೇ ಅಲ್ಲಿ ಸಿಕ್ಕಿಸುತ್ತದೆ,
ನನ್ನನ್ನು ಕೇಳುವುದಿಲ್ಲ.
ಗೇಟಿನಲ್ಲಿ ಯಾರೂ ನನ್ನ ಹೆಗಲು ನೋಡಲಿಲ್ಲ.

ಮರುದಿನ ಬೆಂಕಿಪೊಟ್ಟಣದಲ್ಲಿ ತಂದು ಮೇಜಿನ ಮೇಲಿಟ್ಟೆ.
ಸಾಹೇಬರು ನಕ್ಕರು, ಚಾ ತರಿಸಿದರು.
ವಯಸ್ಸಾಯಿತಲ್ಲ ಬಾಯಮ್ಮ, ಬಿಡಿ.
ರಿಜಿಸ್ಟರಿನಲ್ಲಿ ಬರೆದರು: ಮರೆವು.
ಮೇಲಿನ ಸಾಲಿನಲ್ಲಿ, ಅದೇ ಸೂಜಿಗೆ,
ನಿನ್ನೆ ಬರೆದದ್ದು: ಕಳವು.
ಅದನ್ನು ಯಾರೂ ಹೊಡೆದು ಹಾಕಲಿಲ್ಲ.
ಹೊಡೆಯಿರಿ ಅಂತ ನಾನೂ ಹೇಳಲಿಲ್ಲ,
ಚಾ ಬಿಸಿ ಇತ್ತು.

ಕ್ಲಾಸಿನಲ್ಲಿ ಮಾತ್ರ ಹೇಳಿದೆ, ಅವರ ತುಳುವಿನಲ್ಲಿ, ನಿಂತುಕೊಂಡು.
ಫ್ಯಾನು ತಿರುಗುವ ಶಬ್ದ.
ಮೊಯ್ದಿನಬ್ಬ ನೂಲು ಪೋಣಿಸುತ್ತಲೇ ಇದ್ದ.
ತುಂಬಾ ಹೊತ್ತಾದ ಮೇಲೆ
ಐತಪ್ಪ ಸೀಳಿದ ಅಂಗಿ ಹಿಡಿದು ಬಂದ.
ಇದನ್ನು ಪುನಃ ಕೂಡಿಸುವುದು ಹೇಗೆ,
ಹಳೆಯ ತೂತು ಕಾಣದ ಹಾಗೆ?

ಕಾಣುತ್ತದೆ ಅಂದೆ.
ಅರ್ಧ ಇಂಚು ಒಳಗೆ ಹೊಸ ಸಾಲು ಹಾಕು.
ಕತ್ತಿನಲ್ಲಿ ಸ್ವಲ್ಪ ಬಿಗಿ ಆದೀತು,
ಹಾಕಿಕೊಳ್ಳಬಹುದು.
ಅರ್ಧ ಇಂಚು, ಅವನು ಟೇಪಿನಲ್ಲಿ ಹುಡುಕಿದ.
ಒಂದಕ್ಕೂ ಮೊದಲು ಏನೋ ಉಂಟು ಅಂತ
ಅವನಿಗೆ ಇವತ್ತೇ ಗೊತ್ತಾದದ್ದು.

ಹನ್ನೆರಡೂವರೆ. ಎಣಿಸಿದೆವು. ಇಪ್ಪತ್ತಮೂರು.
ವಾರ್ಡರ್ ಪೆನ್ನು ಚಾಚಿದರು.
ಲತೀಶ ನನ್ನ ಹೆಗಲಿನತ್ತ ನೋಡಿದ,
ಏನೂ ಹೇಳಲಿಲ್ಲ.
ಪೆನ್ನು ಕೆಳಗಿಟ್ಟು, ಎಲ್ಲರ ಎದುರು,
ನಾನೇ ಸೆರಗು ಕೊಡವಿ ತೋರಿಸಿದೆ.
ಆಮೇಲೆ ಸಹಿ.